ಗ್ಯಾಸ್ ಒಲೆಯ ಮೇಲೆ ಬ್ಯೂಗಲ್

ಹೋದ ತಿಂಗಳು ಬಿಟಿಎಂ ಲೇಔಟಿನಲ್ಲಿ ನನ್ನ ತಂಗಿಯ ಮಗಳ ಮನೆ ಗೃಹಪ್ರವೇಶ ಇತ್ತು. ಹಿಂದಿನ ದಿನವೇ ಹೋಗಿದ್ದೆ. ಬಾಲ್ಕನಿಯಲ್ಲಿ ಇಬ್ಬರು ಹೆಂಗಸರು ಕೂತು ದೀಪದ ಕಂಬಗಳನ್ನು ಹುಣಸೆಹಣ್ಣು, ಉಪ್ಪು ಹಾಕಿ ಉಜ್ಜುತ್ತಿದ್ದರು. ಆ ಹುಳಿ ಹಿತ್ತಾಳೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಸಿಟ್ಟು ಬಂತು. ಪಾಪ, ಅಲ್ಲಿದ್ದವರ ಮೇಲಲ್ಲ. ಯಾಕೆ ದೊಡ್ಡಮ್ಮ, ತಲೆನೋವಾ ಎಂದು ತಂಗಿಯ ಮಗಳು ಕೇಳಿದಳು. ಹೌದು ಅಂದು ಒಳಗೆ ಹೋಗಿ ಮಲಗಿದೆ. ತಲೆನೋವೂ ಇರಲಿಲ್ಲ, ಮಣ್ಣೂ ಇರಲಿಲ್ಲ. ನನ್ನ ಮೊಮ್ಮಗಳು ಸಿಂಚನ ಹೈಸ್ಕೂಲಿಗೆ ಸೇರಿದ ವರ್ಷದ ಮಳೆಗಾಲ ನೆನಪಾಗಿತ್ತು, ಅಷ್ಟೇ. ಈಗ ಅವಳು ಪಿಯುಸಿ. ಆದರೆ ನನ್ನ ಸಿಟ್ಟಿಗೆ ವಯಸ್ಸಾಗಿಲ್ಲ.

ನಾವು ಚಿಕ್ಕಲಸಂದ್ರದವರು. ಲೇಔಟ್ ಆಗುವ ಮುಂಚಿನಿಂದ ಇರುವವರು. ನಾನು ರಾಗಿ ಹೊಲದಲ್ಲಿ ಕಳೆ ಕಿತ್ತ ಜಾಗದಲ್ಲೇ ಈಗ ಮನೆ ಎದ್ದಿದೆ. ಮೇಲಿನ ಅಂತಸ್ತುಗಳಲ್ಲಿ ಬಾಡಿಗೆಯವರು, ಕೆಳಗೆ ನಾವು. ನಾವು ಅಂದರೆ ನಾನು, ಮಗ ಮಂಜ, ಸೊಸೆ ಶೈಲಜ, ಸಿಂಚನ. ಮಂಜನಿಗೆ ಉತ್ತರಹಳ್ಳಿ ರಸ್ತೆಯಲ್ಲಿ ಸಿಮೆಂಟು, ಕಬ್ಬಿಣದ ಅಂಗಡಿ. ಶೈಲಜ ಬಿ.ಕಾಂ. ಓದಿದವಳು. ಅಂಗಡಿಯ ಬಿಲ್ಲು, ಜಿಎಸ್‌ಟಿ ಎಲ್ಲ ಮನೆಯಲ್ಲೇ ಕೂತು ಅವಳು ನೋಡುತ್ತಾಳೆ. ಚುರುಕು ಹೆಂಗಸು. ಅದನ್ನು ನಾನು ಇಲ್ಲ ಅನ್ನುವುದಿಲ್ಲ.

ಆದರೆ ಆ ಮಳೆಗಾಲಕ್ಕೆ ಒಂದೆರಡು ವರ್ಷ ಮುಂಚೆ ಅವಳು ಪಕ್ಕದ ಬೀದಿಯ ಭಜನಾ ಮಂಡಳಿಗೆ ಸೇರಿದ್ದಳು. ಭಜನೆ ಹೇಳಿಕೊಳ್ಳಲಿ, ನನ್ನದೇನೂ ಇಲ್ಲ. ಅಲ್ಲಿಂದ ಅವಳು ನಮ್ಮ ಮನೆಯಲ್ಲಿ ಇಲ್ಲದ ಮಡಿ ಮೈಲಿಗೆ, ಎಂಜಲು ಮುಸುರೆ ಎಲ್ಲ ಹೊತ್ತು ತಂದಳು. ಕುಡಿದ ಲೋಟ ಬೇರೆ, ಬಡಿಸುವ ಸೌಟು ಬೇರೆ, ಶುಕ್ರವಾರ ಅವಳ ನೀರಿನ ಚೊಂಬು ನಾನು ಮುಟ್ಟಬಾರದು. ನಾವು ಹೊಲದ ಬದುವಿನಲ್ಲಿ ಕೂತು ಒಂದೇ ಚೊಂಬಿಗೆ ಬಾಯಿ ಹಚ್ಚಿ ನೀರು ಕುಡಿದವರು. ಹಾಗಂತ ನಮ್ಮದೇನು ಭಾರಿ ಸಾಚಾ ಮನೆತನವಲ್ಲ. ಕೇರಿಯಿಂದ ಕೆಲಸಕ್ಕೆ ಬಂದವರ ಬೊಗಸೆಗೆ ನನ್ನ ಅತ್ತೆ ಮೇಲಿನಿಂದಲೇ ನೀರು ಹೊಯ್ಯುತ್ತಿದ್ದಳು. ಆ ಕಾಲ ಮುಗಿಯಿತು ಅಂದುಕೊಂಡಿದ್ದೆ. ಮುಗಿದಿರಲಿಲ್ಲ. ಡಿಗ್ರಿ ಮಾಡಿಕೊಂಡು ವಾಪಸ್ಸು ಬಂದಿತ್ತು.

ಜೂನಿನಲ್ಲಿ ಸಿಂಚನಳನ್ನು ಬನಶಂಕರಿ ಕಡೆಯ ಒಂದು ಹಳೆ ಹೈಸ್ಕೂಲಿಗೆ ಎಂಟನೇ ಕ್ಲಾಸಿಗೆ ಸೇರಿಸಿದರು. ನಮ್ಮ ಮಂಜನೂ ಅಲ್ಲೇ ಓದಿದ್ದ. ದೊಡ್ಡ ಫೀಸಿನ ಸ್ಕೂಲಲ್ಲ. ಎಲ್ಲ ತರದವರ ಮಕ್ಕಳೂ ಬರುತ್ತಾರೆ. ಆ ಸ್ಕೂಲಿಗೆ ಮೊದಲಿನಿಂದ ಒಂದು ಬ್ಯಾಂಡ್ ಇದೆ. ಡ್ರಮ್ಮುಗಳು ಬೇಕಾದಷ್ಟಿದ್ದವು. ಹಿತ್ತಾಳೆಯ ತುತ್ತೂರಿ, ಅದೇ ಬ್ಯೂಗಲ್, ಮಾತ್ರ ಎರಡೇ. ಒಂದಕ್ಕೆ ಸೊಂಟದ ಹತ್ತಿರ ತಗ್ಗು ಬಿದ್ದು ಸ್ವರ ಒಡೆಯುತ್ತಿತ್ತು. ಒಳ್ಳೆಯದು ಇನ್ನೊಂದು.

ಪಿ.ಟಿ. ಸಾರ್ ಹೊಸ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಬರೀ ತುಟಿಯಲ್ಲಿ ಪುರ್ ಅನ್ನಿಸಿ ನೋಡಿದರಂತೆ. ನಕ್ಕವರೆಲ್ಲ ಔಟ್. ನಮ್ಮವಳು ನಗಲಿಲ್ಲ. ಬ್ಯೂಗಲ್ಲಿಗೆ ಆರಿಸಿದರು. ಆದರೆ ಒಂದು ತಿಂಗಳು ಅದನ್ನು ಕೈಗೆ ಕೊಡಲಿಲ್ಲ. ಮೊದಲು ತುಟಿ ಪಳಗಲಿ ಅಂದರಂತೆ. ಅವಳು ಮನೆಯೆಲ್ಲ ಪುರ್ ಪುರ್ ಅನ್ನುತ್ತ ಓಡಾಡಿದಳು. ಹಲ್ಲುಜ್ಜುವಾಗ, ಜಡೆ ಹಾಕಿಸಿಕೊಳ್ಳುವಾಗ, ಮುದ್ದೆ ನುಂಗಿದ ಮೇಲೆ. ಮನೆಯಲ್ಲಿ ಎಮ್ಮೆ ಕಟ್ಟಿದಂಗಾಯ್ತು ಎಂದು ಮಂಜ ನಗುತ್ತಿದ್ದ. ನನಗೆ ನಗು ಬರಲಿಲ್ಲ. ಮಧ್ಯಾಹ್ನ ಒಂದು ಗಳಿಗೆ ಕಣ್ಣು ಮುಚ್ಚಲು ಬಿಡುತ್ತಿರಲಿಲ್ಲ ಆ ಹುಡುಗಿ.

ಅವಳಿಗೆ ಹೇಳಿಕೊಟ್ಟಿದ್ದು ಸಾರ್‌ಗಿಂತ ಹೆಚ್ಚಾಗಿ ರೂಪ. ರೂಪ ಒಂಬತ್ತನೇ ಕ್ಲಾಸು, ಉದ್ದಕ್ಕೆ, ಸಣ್ಣಕ್ಕೆ, ಕಡ್ಡಿಯಂತಿದ್ದಳು. ಬ್ಯಾಂಡಿನಲ್ಲಿ ಮೊದಲನೇ ಬ್ಯೂಗಲ್ ಅವಳದು. ಬಾವುಟ ಏರುವಾಗ ಒಬ್ಬಳೇ ಮುಂದೆ ನಿಂತು ಊದುವವಳು ಅವಳು. ಅವಳ ತಾಯಿ ಗಂಗಮ್ಮ ಪೌರಕಾರ್ಮಿಕಳು. ನಮ್ಮ ಬೀದಿಯನ್ನೇ ಗುಡಿಸುವವಳು. ಮನೆ ನಮ್ಮ ಹಿಂದಿನ ಕಾಲೋನಿಯಲ್ಲಿ.

ಜುಲೈ ಹೊತ್ತಿಗೆ ಇಬ್ಬರೂ ಸ್ಕೂಲಿಂದ ಜೊತೆಗೇ ಬರತೊಡಗಿದರು. ಆ ವರ್ಷ ನಮ್ಮ ಬೀದಿಯಲ್ಲಿ ಚರಂಡಿ ಅಗೆದು ಹಾಗೇ ಬಿಟ್ಟಿದ್ದರು. ಜಿಟಿಜಿಟಿ ಮಳೆ, ಮೊಣಕಾಲುದ್ದ ಕೆಸರು. ಅದರ ಪಕ್ಕದ ಖಾಲಿ ಸೈಟಿನಲ್ಲಿ ಹಲಗೆ ಹಾಕಿಕೊಂಡು ತಗ್ಗು ಬಿದ್ದ ಒಂದೇ ಬ್ಯೂಗಲನ್ನು ಸರದಿ ಮೇಲೆ ಊದುತ್ತಿದ್ದರು. ನಾನು ಗೇಟಿನ ಹತ್ತಿರ ಕೂತು ನೋಡುತ್ತಿದ್ದೆ. ನಮ್ಮವಳು ಕೆನ್ನೆ ಉಬ್ಬಿಸಿ ಉಬ್ಬಿಸಿ ಗಾಳಿಯನ್ನಷ್ಟೇ ಬಿಡುತ್ತಿದ್ದಳು.

"ಏಯ್, ಉಗುಳ್ಬೇಡ ಕಣೇ, ಊದು," ಎಂದು ರೂಪ ಗದರುತ್ತಿದ್ದಳು.

ಒಂದು ಸಂಜೆ ಸ್ವರ ಬಂದುಬಿಟ್ಟಿತು. ಒಂದೇ ಒಂದು, ನೇರವಾಗಿ. ಮೇಲಿನ ಬಾಡಿಗೆ ಹುಡುಗ ಕಿಟಕಿ ತೆಗೆದು ನೋಡಿದ. ಇಬ್ಬರೂ ಕೆಸರಿನಲ್ಲೇ ಕುಣಿದರು. ಅವಳು ಹುಟ್ಟಿದಾಗಿನಿಂದ ಶೈಲಜ ಡ್ಯಾನ್ಸ್ ಕ್ಲಾಸು, ಅಬಾಕಸ್ಸು, ಕೀಬೋರ್ಡು ಎಂದು ಎಲ್ಲೆಲ್ಲಿಗೋ ಕಳಿಸಿದ್ದಳು. ಎಲ್ಲವನ್ನೂ ಅರ್ಧಕ್ಕೆ ಬಿಟ್ಟವಳು ನಮ್ಮ ಸಿಂಚನ. ಇದೊಂದನ್ನು ಬಿಡಲಿಲ್ಲ.

ಆಗಸ್ಟ್ ಹದಿನೈದು ಹತ್ತಿರ ಬಂತು. ಪಿ.ಟಿ. ಸಾರ್ ಒಳ್ಳೆಯ ಬ್ಯೂಗಲನ್ನೂ ಮನೆಗೆ ತೆಗೆದುಕೊಂಡು ಹೋಗಲು ಬಿಟ್ಟರು. ಶುಕ್ರವಾರ ರೂಪ ಒಯ್ದಳು, ಶನಿವಾರ ಮಧ್ಯಾಹ್ನ ಸ್ಕೂಲು ಬಿಟ್ಟ ಮೇಲೆ ಸಿಂಚನಳ ಕೈಗೆ ಕೊಟ್ಟಳು. ಆ ಶನಿವಾರ ಸಂಜೆ ನಮ್ಮ ಮನೆಯಲ್ಲಿ ಮಂಡಳಿಯವರ ಪೂಜೆ. ಶೈಲಜ ಮಂಟಪ ಕಟ್ಟುತ್ತಿದ್ದಳು. ಹುಡುಗಿ ಬ್ಯೂಗಲನ್ನು ಹಾಲಿನ ಸೋಫಾ ಮೇಲೆ ಇಟ್ಟಳು. ಇದೇನು, ಯಾರದು ಎಂದು ಶೈಲಜ ಕೇಳಿದಳು. ಸ್ಕೂಲಿನದು, ನಿನ್ನೆ ರೂಪನ ಮನೆಯಲ್ಲಿತ್ತು ಎಂದು ಅವಳು ಇದ್ದಂತೆ ಹೇಳಿದಳು.

ಯಾವ ರೂಪ ಎಂದು ಶೈಲಜ ಕೇಳಿದಳು. ಯಾವ ರೂಪ ಎಂದು ಅವಳಿಗೆ ಗೊತ್ತಿತ್ತು. ಹುಡುಗಿಯ ಬಾಯಲ್ಲಿ ಹೇಳಿಸಿದಳು. ಅವಳು ಬಾಯಿಟ್ಟ ಮೇಲೆ ನೀನು ಬಾಯಿಡ್ತೀಯಾ, ಒಬ್ಬರ ಎಂಜಲು ಒಬ್ಬರಾ ಎಂದಳು. ಎಲ್ರೂ ಹಾಗೇ ಊದೋದಮ್ಮ, ಕರ್ಚೀಫಲ್ಲಿ ಒರೆಸ್ಕೊಂಡು ಊದ್ತೀವಿ ಎಂದು ಸಿಂಚನ ಹೇಳಿದ್ದು ಅವಳ ಕಿವಿಗೇ ಹೋಗಲಿಲ್ಲ. ಬ್ಯೂಗಲ್ ಕಿತ್ತುಕೊಂಡು ಅಡುಗೆಮನೆಗೆ ಬಂದಳು. ನಾನು ಅಲ್ಲೇ ಬಾಗಿಲ ಹತ್ತಿರ ಸೊಪ್ಪು ಬಿಡಿಸುತ್ತಿದ್ದೆ.

ಮೊದಲು ಹುಣಸೆಹಣ್ಣು, ಉಪ್ಪು ಹಾಕಿ ಉಜ್ಜಿದಳು. ಸರಿ, ಹಿತ್ತಾಳೆ, ಹೊಳೆಯಲಿ ಬಿಡು ಅಂದುಕೊಂಡೆ. ಆಮೇಲೆ ಮಂಡಳಿಯ ದೊಡ್ಡ ಹೆಂಗಸಿಗೆ ಫೋನು ಮಾಡಿದಳು. ಲೋಹಕ್ಕೆ ಬೆಂಕಿ ತೋರಿಸಿದರೆ ಎಂಥ ಎಂಜಲೂ ಹೋಗುತ್ತದೆ ಎಂದು ಆಕೆ ಹೇಳಿದಳಂತೆ. ಶೈಲಜ ಗ್ಯಾಸ್ ಹಚ್ಚಿ, ಬಾಯಿಗಿಡುವ ಕಡೆಯನ್ನು ನೇರವಾಗಿ ಉರಿಯ ಮೇಲೆ ಹಿಡಿದಳು.

"ಅದು ಪಾತ್ರೆ ಅಲ್ಲ ಕಣೇ ಶೈಲಜ. ಅದಕ್ಕೆ ಬೆಸುಗೆ ಹಾಕಿರ್ತಾರೆ," ಎಂದೆ.

"ಅತ್ತೆ, ನಿಮಗೆ ಗೊತ್ತಾಗಲ್ಲ, ಸುಮ್ನಿರಿ," ಎಂದಳು.

ಸಿಂಚನ ಬಾಗಿಲಲ್ಲಿ ನಿಂತು ಬೇಡಮ್ಮ ಬೇಡಮ್ಮ ಅನ್ನುತ್ತಲೇ ಇದ್ದಳು. ಮಂತ್ರ ಹೇಳುವಷ್ಟು ಹೊತ್ತು ಹಿಡಿದಿರಬೇಕಂತೆ. ಇವಳು ಕಣ್ಣು ಮುಚ್ಚಿಕೊಂಡು ಮಂತ್ರ ಹೇಳಿದಳು. ಬೆಸುಗೆ ಕರಗಿ ತೊಟ್ಟಿಕ್ಕಿತು. ಬಾಯಿಗಿಡುವ ಬಟ್ಟಲಿನಂಥ ತುಂಡು, ಅದನ್ನು ಹಿಡಿದಿದ್ದ ಕೊಳವೆಯ ಬಳೆ, ಎರಡೂ ಕಳಚಿ ಒಲೆಯ ಮೇಲೆ ಬಿದ್ದವು. ಶುದ್ಧಿ ಆಯಿತು.

ಆಗಲಾದರೂ ತಪ್ಪಾಯಿತು ಅಂದಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. ತಪ್ಪು ಯಾರು ಮಾಡುವುದಿಲ್ಲ. ಅವಳು ತುಂಡುಗಳನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿ, ಮಂಡಳಿಯವರಿಗೆ ಕೇಸರಿಬಾತು ಮಾಡಲು ಅದೇ ಒಲೆಯ ಮೇಲೆ ಬಾಣಲೆ ಇಟ್ಟಳು. ಸೋಮವಾರ ತಾನೇ ಸ್ಕೂಟರಿನಲ್ಲಿ ಸ್ಕೂಲಿಗೆ ಹೋಗಿ, ಚೀಲ ಬಿಚ್ಚಿದಾಗಲೇ ಹೀಗಿತ್ತು, ನಮ್ಮ ಮಗು ಹೆದರಿ ಎರಡು ದಿನ ಊಟ ಬಿಟ್ಟಿದ್ದಾಳೆ, ಹಿಂದಿನ ದಿನ ಆ ರೂಪ ಒಯ್ದಿದ್ದಳಂತೆ ಎಂದು ಹೆಡ್ ಮಿಸ್ಸಿಗೆ ಹೇಳಿ ಬಂದಳು. ರೂಪನನ್ನು ಕರೆದು ಕೇಳಿದರು. ನಾನು ಚೆನ್ನಾಗಿರೋದನ್ನೇ ಕೊಟ್ಟೆ ಎಂದಳು. ಯಾರು ನಂಬುತ್ತಾರೆ? ಬ್ಯಾಂಡಿನಿಂದ ತೆಗೆದರು. ಉಳಿದ ತಗ್ಗು ಬಿದ್ದ ಬ್ಯೂಗಲನ್ನು ಹದಿನೈದಕ್ಕೆ ಸಿಂಚನ ಊದಲಿ ಎಂದು ತೀರ್ಮಾನವಾಯಿತು.

ಇದು ನನಗೆ ಗೊತ್ತಾಗಿದ್ದು ಸಂಜೆ, ಶೈಲಜ ಮಂಜನ ಮುಂದೆ ನಮ್ಮ ಮಗಳೇ ಈಗ ಲೀಡರ್ ಎಂದು ಹೇಳುವಾಗ. ನಾನು ಅವತ್ತು ಮನೆಯಲ್ಲಿ ಏನೇನು ಬೈದೆ ಅದನ್ನು ಬರೆಯಲಾಗುವುದಿಲ್ಲ. ಮಂಜ ಟಿವಿ ಸೌಂಡು ಜಾಸ್ತಿ ಮಾಡಿ, ಹೋಗ್ಲಿ ಬಿಡಮ್ಮ, ಸ್ಕೂಲಿನವರೇ ಸರಿ ಮಾಡಿಸ್ಕೋತಾರೆ ಎಂದ. ಬ್ಯೂಗಲ್ ಸರಿ ಮಾಡಿಸಬಹುದು ಕಣೋ ಎಂದೆ. ಅವನಿಗೆ ಅರ್ಥವಾಗಲಿಲ್ಲ. ಆಯಿತೋ ಏನೋ, ಆಗದವನಂತೆ ಕೂತಿದ್ದ.

ಮಾರನೇ ದಿನ ನಾನೇ ಬಸ್ಸು ಹತ್ತಿ ಸ್ಕೂಲಿಗೆ ಹೋದೆ. ಹೆಡ್ ಮಿಸ್ಸು ಕೂರಿಸಿ ಪೂರ್ತಿ ಕೇಳಿದರು. ಕೇಳಿ, ನನ್ನ ಎದುರಿಗೇ ಶೈಲಜಳಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದರು. ಅತ್ತ ಕಡೆಯಿಂದ ಅವಳ ಜೇನಿನಂಥ ದನಿ ಬಂತು.

"ಸಾರಿ ಮೇಡಂ, ನಮ್ಮತ್ತೆಗೆ ವಯಸ್ಸಾಯ್ತಲ್ಲ, ಈಗೀಗ ಏನೇನೋ ಕಲ್ಪಿಸ್ಕೋತಾರೆ. ಒಬ್ರೇ ಬಂದಿದ್ದಾರಾ? ದಯವಿಟ್ಟು ಕೂರಿಸ್ಕೊಂಡಿರಿ, ನಾನು ಬಂದು ಕರ್ಕೊಂಡು ಹೋಗ್ತೀನಿ."

ಹೆಡ್ ಮಿಸ್ಸು ನನಗೆ ನೀರು ತರಿಸಿಕೊಟ್ಟರು. ಆ ನೀರು ಕೊಟ್ಟ ರೀತಿ ನನಗೆ ಈಗಲೂ ಮರೆತಿಲ್ಲ. ಎರಡು ಕೈಯಲ್ಲಿ ಹಿಡಿದು, ಮಗುವಿಗೆ ಕೊಡುವ ಹಾಗೆ. ನನ್ನ ಮೊಮ್ಮಗಳನ್ನೇ ಕರೆಸಿ ಕೇಳಿ ಎಂದೆ. ಕರೆಸಿದರು. ಸಿಂಚನ ಬಂದಳು, ನನ್ನನ್ನು ನೋಡಿದಳು, ಮೇಜಿನ ಮೇಲಿದ್ದ ಫೋನನ್ನು ನೋಡಿದಳು. ಕರೆ ಇನ್ನೂ ಕಟ್ಟಾಗಿರಲಿಲ್ಲ.

"ಗೊತ್ತಿಲ್ಲ ಮೇಡಂ," ಎಂದಳು.

ನಾನು ಯಾರಿಗೂ ಕಾಯದೆ ಎದ್ದು ಬಂದೆ. ಸಂಜೆ ತಾರಸಿಯಲ್ಲಿ ಬಟ್ಟೆ ತೆಗೆಯುತ್ತಿದ್ದಾಗ ಅವಳು ಮೇಲೆ ಬಂದು ನನ್ನ ಹಿಂದೆ ನಿಂತಳು. ನಾನು ತಿರುಗಲಿಲ್ಲ. ಹೇಳಿದ್ರೆ ಅಮ್ಮನ್ನ ಎಲ್ರೂ ಬೈತಾರೆ ಅಜ್ಜಿ ಎಂದಳು.

"ಹೇಳ್ದೆ ಇದ್ರೆ ರೂಪನ್ನ ಬೈತಾರೆ. ಬೈಸಿಕೊಳ್ಳೋಕೆ ಒಬ್ರು ಬೇಕೇಬೇಕು ಅಂತ ಆಯ್ತಲ್ಲ. ಯಾರಾಗ್ಬೇಕು, ನೀನೇ ಹೇಳು," ಎಂದೆ.

ಅತ್ತಳು. ಅಳಲಿ ಎಂದು ಬಿಟ್ಟೆ. ಬಟ್ಟೆ ಮಡಚಿಕೊಂಡು ಕೆಳಗೆ ಬಂದೆ. ಹದಿಮೂರು ವರ್ಷದ ಹುಡುಗಿ, ಪಾಪ ಅನ್ನಬೇಕಿತ್ತು ಎಂದು ಈಗ ಯಾರಾದರೂ ಹೇಳಬಹುದು. ರೂಪನಿಗೂ ಹದಿನಾಲ್ಕೇ.

ಮುಂದಿನ ದಿನ ಬೆಳಿಗ್ಗೆ ನಾನು ಒಲೆ ಒರೆಸುತ್ತಿದ್ದೆ. ಪಾತ್ರೆ ಇಡುವ ಕಬ್ಬಿಣದ ಸ್ಟ್ಯಾಂಡನ್ನು ಎತ್ತಿ ತಿಕ್ಕುವಾಗ ಅದರ ಮೂಲೆಯಲ್ಲಿ ಏನೋ ಬೆರಳಿಗೆ ತಾಗಿತು. ಉದ್ದಿನಕಾಳಿನಷ್ಟು ಬೆಳ್ಳಗಿನ ಹನಿ, ಗಟ್ಟಿಯಾಗಿ ಅಂಟಿಕೊಂಡಿತ್ತು. ಉಗುರಲ್ಲಿ ಗೀರಿದರೆ ಗೆರೆ ಬಿತ್ತು. ಕರಗಿ ಬಿದ್ದ ಬೆಸುಗೆ. ಕೇಸರಿಬಾತಿನ ತುಪ್ಪ, ಹಾಲು ಉಕ್ಕಿದ ಕಲೆ ಎಲ್ಲದರ ನಡುವೆ ಅದು ಅಲ್ಲೇ ಕೂತಿತ್ತು.

ಸ್ಟ್ಯಾಂಡನ್ನು ಹಾಗೇ ತರಕಾರಿ ಚೀಲಕ್ಕೆ ಹಾಕಿಕೊಂಡೆ. ಒಲೆ ಮೇಲೆ ಪಾತ್ರೆ ಇಡಲಾಗದು, ಮನೆಯಲ್ಲಿ ಯಾರಿಗೂ ತಿಂಡಿ ಇಲ್ಲ. ಇಲ್ಲದಿರಲಿ. ಬಸ್ಸಿನಲ್ಲಿ ಕಂಡಕ್ಟರ್, ಏನಜ್ಜಿ, ಒಲೆ ಹೊತ್ಕೊಂಡು ಎಲ್ಲಿಗೆ ಎಂದು ಕೇಳಿದ. ಸ್ಕೂಲಿಗೆ ಎಂದೆ. ಅವನು ಟಿಕೆಟ್ ಹರಿದು ಕೊಟ್ಟು ಮುಂದಕ್ಕೆ ಹೋದ.

ಈ ಸಲ ನಾನು ಹೆಡ್ ಮಿಸ್ಸಿನ ರೂಮಿಗೆ ಹೋಗಲಿಲ್ಲ. ಸೀದಾ ಮೈದಾನಕ್ಕೆ ಹೋದೆ. ಬ್ಯಾಂಡಿನ ಮಕ್ಕಳು ಸಾಲಾಗಿ ನಿಂತಿದ್ದರು. ಮುಂದುಗಡೆ ತಗ್ಗು ಬಿದ್ದ ಬ್ಯೂಗಲ್ ಹಿಡಿದು ನಮ್ಮವಳು. ಪಿ.ಟಿ. ಸಾರ್ ಮುಂದೆ ಚೀಲ ಬಿಚ್ಚಿ ಸ್ಟ್ಯಾಂಡನ್ನು ಕೈಗೆ ಕೊಟ್ಟೆ. ನನಗೆ ತಲೆ ಕೆಟ್ಟಿದೆಯಂತೆ ಸಾರ್, ಈ ಕಬ್ಬಿಣಕ್ಕೂ ಕೆಟ್ಟಿದೆಯಾ ನೋಡಿ ಎಂದೆ. ಅವರು ಹನಿಯನ್ನು ನೋಡಿದರು. ಸ್ಟೋರ್ ರೂಮಿನಿಂದ ಮುರಿದ ಬ್ಯೂಗಲ್ ತರಿಸಿ, ಬಿಟ್ಟುಕೊಂಡ ಜಾಗ ಮಸಿ ಹಿಡಿದು ಕಪ್ಪಾಗಿದ್ದನ್ನು ನೋಡಿದರು. ಬಿದ್ದು ಮುರಿದದ್ದು ಕಪ್ಪಾಗುವುದಿಲ್ಲ. ಅಲ್ಲಿಯವರೆಗೆ ಅದನ್ನು ಯಾರೂ ತಿರುಗಿಸಿಯೂ ನೋಡಿರಲಿಲ್ಲ.

ಆಗ ಸಿಂಚನ ಸಾಲಿನಿಂದ ಹೊರಗೆ ಬಂದಳು. ಯಾರೂ ಕರೆದಿರಲಿಲ್ಲ. ಕೈಯಲ್ಲಿದ್ದ ಬ್ಯೂಗಲನ್ನು ನೆಲದ ಮೇಲಿಟ್ಟಳು.

"ರೂಪಕ್ಕ ಮುರಿದಿಲ್ಲ ಸಾರ್. ಅವಳ ಎಂಜಲು ಹೋಗ್ಲಿ ಅಂತ ನಮ್ಮಮ್ಮ ಗ್ಯಾಸ್ ಮೇಲೆ ಹಿಡಿದ್ರು. ನಾನು ನೋಡ್ತಿದ್ದೆ. ನಿನ್ನೆ ಸುಳ್ಳು ಹೇಳ್ದೆ," ಎಂದಳು.

ಎಲ್ಲ ಮಕ್ಕಳ ಮುಂದೆ ಹೇಳಿದಳು. ಡ್ರಮ್ಮಿನವರು ಕೋಲು ಹಿಡಿದುಕೊಂಡು ಹಾಗೇ ನಿಂತಿದ್ದರು. ಎಂಜಲು ಅನ್ನುವ ಮಾತು ಬಂದಾಗ ಒಬ್ಬ ಹುಡುಗಿ ತಲೆ ತಗ್ಗಿಸಿದ್ದನ್ನು ನಾನು ನೋಡಿದೆ. ಅವಳು ಯಾರ ಮಗಳೋ ನನಗೆ ಗೊತ್ತಿಲ್ಲ.

ಹೆಡ್ ಮಿಸ್ಸು ಬಂದರು. ಸರಿ ಅಜ್ಜಿ, ಗೊತ್ತಾಯ್ತಲ್ಲ, ಇದನ್ನ ದೊಡ್ಡದು ಮಾಡೋದು ಬೇಡ, ರೂಪನ್ನ ವಾಪಸ್ ಸೇರಿಸ್ಕೋತೀವಿ ಎಂದರು. ತೆಗೆಯುವಾಗ ದೊಡ್ಡದಾಗಿಯೇ ತೆಗೆದಿದ್ದರು, ಅಸೆಂಬ್ಲಿಯಲ್ಲಿ ಹೆಸರು ಓದಿ. ಸೇರಿಸಿಕೊಳ್ಳುವುದು ಮಾತ್ರ ಸದ್ದಿಲ್ಲದೆ ಆಗಬೇಕಂತೆ.

ಮರುದಿನ ಗಂಗಮ್ಮ ಬೀದಿಗೆ ಬಂದಾಗ ನಾನು ಗೇಟು ತೆಗೆದು ಹೊರಗೆ ಹೋದೆ. ಅವಳಿಗೆ ವಿಷಯ ಮುಟ್ಟಿತ್ತು. ಪೊರಕೆ ನಿಲ್ಲಿಸದೆ ಗುಡಿಸುತ್ತಲೇ ಇದ್ದಳು. ನಮ್ಮ ಮನೆಯ ತಪ್ಪು ಗಂಗಮ್ಮ, ಮಗಳನ್ನ ಬ್ಯಾಂಡಿಗೆ ಕಳಿಸು ಎಂದೆ. ಆಗ ನೆಟ್ಟಗೆ ನಿಂತಳು.

"ನಿಮ್ಮ ಸೊಸೆ ಸುಟ್ಟಿದ್ದು ತುತ್ತೂರಿ ಅಲ್ಲಮ್ಮ. ನನ್ನ ಮಗಳ ಬಾಯಿ. ನಿಮ್ಮನೆ ಕಸ ನಾನು ಕೈಯಲ್ಲಿ ಎತ್ತಿಲ್ವಾ? ನಿಮ್ಮ ಎಂಜಲೆಲೆ ಎತ್ತಿಲ್ವಾ? ನಾನು ಯಾವತ್ತಾದ್ರೂ ಕೈ ಸುಟ್ಕೊಂಡ್ನಾ?"

ಕಾಫಿ ಕುಡಿದು ಹೋಗು ಅನ್ನಲು ಬಾಯಿ ಬರಲಿಲ್ಲ. ಆ ಹೊತ್ತಿಗೆ ಕಾಫಿ ಅಂದಿದ್ದರೆ ಅವಳು ಪೊರಕೆಯಲ್ಲೇ ಬಾರಿಸಬೇಕಿತ್ತು. ಕಳಿಸೋದು ಬಿಡೋದು ನನ್ನ ಕೈಲಿಲ್ಲ, ಅವಳಿಗೆ ಮನಸ್ಸಿದ್ರೆ ಹೋಗ್ತಾಳೆ ಎಂದು ಗಂಗಮ್ಮ ಮುಂದಕ್ಕೆ ಗುಡಿಸಿಕೊಂಡು ಹೋದಳು.

ರೂಪ ಹೋದಳು. ಪಿ.ಟಿ. ಸಾರ್ ಬೆಸುಗೆ ಹಾಕಿಸಿದ ಬ್ಯೂಗಲನ್ನು ತಾವೇ ಹಿಡಿದುಕೊಂಡು ಕಾಲೋನಿಗೆ ಬಂದಿದ್ದರಂತೆ. ನಮ್ಮ ಸಿಂಚನಳ ಜೊತೆ ಆ ವಾರವೆಲ್ಲ ಅವಳು ಒಂದು ಮಾತೂ ಆಡಲಿಲ್ಲ. ಅದು ಸರಿಯೇ. ಸಿಂಚನ ಎರಡನೇ ಸಾಲಿಗೆ ಹೋಗಿ ತಗ್ಗು ಬಿದ್ದದ್ದನ್ನು ಹಿಡಿದು ನಿಂತಳು. ಮನೆಯಲ್ಲಿ ಶೈಲಜ ನನ್ನ ತಟ್ಟೆಯನ್ನು ಟಪ್ಪೆಂದು ಇಡುತ್ತಿದ್ದಳು. ತಪ್ಪಾಯಿತು ಅನ್ನುವ ಮಾತು ಮಾತ್ರ ಅವಳ ಬಾಯಿಂದ ಯಾರ ಮುಂದೆಯೂ ಬರಲಿಲ್ಲ.

ಹದಿನೈದನೇ ತಾರೀಕು ಬೆಳಿಗ್ಗೆ ಸೋನೆ ಹಿಡಿದಿತ್ತು. ಪೋಷಕರಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ನಾನು, ಮಂಜ, ರೇಷ್ಮೆ ಸೀರೆ ಉಟ್ಟ ಶೈಲಜ ಸಾಲಾಗಿ ಕೂತೆವು. ಗಂಗಮ್ಮ ಡ್ಯೂಟಿಯ ಕೋಟಿನಲ್ಲೇ ಬಂದು ಗೇಟಿನ ಕಂಬದ ಹತ್ತಿರ ನಿಂತಿದ್ದಳು. ಬಾವುಟ ಮೇಲೇರಿತು. ರೂಪ ಒಂದು ಹೆಜ್ಜೆ ಮುಂದೆ ಬಂದು ಊದಿದಳು. ನನಗೆ ಸಂಗೀತ ಗೊತ್ತಿಲ್ಲ. ಮೈದಾನದಲ್ಲಿ ಅಲ್ಲಲ್ಲಿ ಆಡುತ್ತಿದ್ದ ಮಾತೆಲ್ಲ ನಿಂತಿತು, ಅಷ್ಟು ಗೊತ್ತು. ಅವಳು ಮುಗಿಸಿದ ಮೇಲೆ ಜನ ಚಪ್ಪಾಳೆ ತಟ್ಟಿದರು.

ನಮ್ಮ ಹಿಂದೆ ಕೂತಿದ್ದ ಒಬ್ಬ ಹೆಂಗಸು, ಎಷ್ಟು ಚೆನ್ನಾಗಿ ಊದಿದಳು, ಯಾರ ಮಗು ಅದು ಎಂದು ಕೇಳಿದಳು. ಶೈಲಜ ಮೊಬೈಲಿನಲ್ಲಿ ವಿಡಿಯೋ ಹಿಡಿಯುತ್ತಿದ್ದವಳು ಹಿಂದಕ್ಕೆ ತಿರುಗಿ ನಗುತ್ತ, "ನಮ್ಮ ಮಗಳ ಬೆಸ್ಟ್ ಫ್ರೆಂಡು," ಎಂದಳು.

ನಾನು ದನಿ ತಗ್ಗಿಸಲಿಲ್ಲ.

"ಅವಳ ತಾಯಿ ನಮ್ಮ ಬೀದಿ ಗುಡಿಸ್ತಾಳೆ. ಅವಳ ಎಂಜಲು ಅಂತ ನೀನು ಆ ಬ್ಯೂಗಲ್ ಸುಟ್ಟೆ, ಸುಟ್ಟು ಅವಳ ತಲೆ ಮೇಲೆ ಹಾಕಿದೆ. ಅದನ್ನೂ ಹೇಳು."

ಮುಂದಿನ ಸಾಲಿನವರೂ ತಿರುಗಿದರು. ಮಂಜ ಅಮ್ಮ, ಅಮ್ಮ ಎಂದು ನನ್ನ ಕೈ ಅದುಮಿದ. ಕೈ ಬಿಡಿಸಿಕೊಂಡೆ. ಶೈಲಜಳ ಮೊಬೈಲು ಮಡಿಲಿಗೆ ಇಳಿಯಿತು. ಎದ್ದು ಹೋಗುತ್ತಾಳೆ ಅಂದುಕೊಂಡೆ. ಹೋಗಲಿಲ್ಲ. ಎದ್ದರೆ ಎಲ್ಲರೂ ನೋಡುತ್ತಾರೆ ಎಂದು ಕಾರ್ಯಕ್ರಮ ಮುಗಿಯುವವರೆಗೂ ಹಾಗೇ ಕೂತಿದ್ದಳು. ಅಂದಿನಿಂದ ನನ್ನೊಡನೆ ಬೇಕಾದಷ್ಟೇ ಮಾತಾಡುತ್ತಾಳೆ. ನನಗೇನೂ ನಷ್ಟವಿಲ್ಲ.

ನನ್ನ ಮಾತು ಗೇಟಿನವರೆಗೂ ಕೇಳಿಸಿತ್ತು. ಗಂಗಮ್ಮನೂ ಕೇಳಿಸಿಕೊಂಡಿದ್ದಳು. ಅವಳು ನಗಲಿಲ್ಲ, ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನೋಡಬೇಕಾದ್ದೂ ಇರಲಿಲ್ಲ. ಮಳೆಯಲ್ಲಿ ನೆನೆಯುತ್ತ ತನ್ನ ಮಗಳನ್ನು ನೋಡುತ್ತ ನಿಂತಿದ್ದಳು.